ಬಿಚ್ಚದ ಚೀಟಿ

ಜೂನ್ 9

ಅಕ್ಕ,

ಫೋನ್ ಎತ್ತೋಕೆ ಏನು ರೋಗ ನಿಂಗೆ? ಶನಿವಾರದಿಂದ ಬಡ್ಕೋತಾ ಇದೀನಿ. ಕೊನೆಗೆ ಮನೆ ವಿಳಾಸಕ್ಕೇ ಬರೀತಿದೀನಿ, ಅಂಚೆಯವನಾದ್ರೂ ನಿನ್ನ ಬಾಗಿಲು ತಟ್ಟಲಿ.

ನಡೆದಿದ್ದು ನಿಂಗೆ ಗೊತ್ತಿರುತ್ತೆ. ಆದ್ರೂ ನನ್ನ ಬಾಯಿಂದ ಕೇಳು. ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಳ ತೆಗೀತಿದ್ದೆ, ಮೆಷಿನ್ನು ಟಕಟಕ ಅಂತು. ನಿನ್ನ ಕಚೇರಿಯಿಂದ ಆದೇಶ, ಮೆಷಿನ್ನಿನ ಗಾಜಿನಲ್ಲಿ ಮೂಡಿದ ಹಾಗೇ ಪುಸ್ತಕಕ್ಕೆ ಬರೆದುಕೊಂಡೆ. ಕೆಳಗಿನ ಅಣೆಕಟ್ಟಿನ ಮೂರು ಗೇಟು, ಪೂರ್ತಿ, ತಕ್ಷಣ. ಅದರ ಪಕ್ಕದಲ್ಲಿ, ಆದೇಶ ನಿಂದೇ ಅನ್ನೋದಕ್ಕೆ, ನಮ್ಮ ಮುದ್ರೆಯ ಐದು ಅಂಕಿ. ಮೂರು ಅಂತ ನೋಡಿ ಇನ್ನೊಮ್ಮೆ ಓದಿದೆ. ಒಂದಕ್ಕಿಂತ ಜಾಸ್ತಿ ಗೇಟು ತೆಗೆಸೋದಾದ್ರೆ ಮೊದಲು ಜನ ಕಳಿಸಿ ನದಿ ದಂಡೆ ಖಾಲಿ ಮಾಡಿಸಬೇಕು, ಅದು ನಿಮ್ಮ ಕಚೇರಿ ಕೆಲಸ. ಅಕ್ಕ ಕಳಿಸಿದಾಳೆ ಅಂದ್ಮೇಲೆ ಖಾಲಿ ಮಾಡಿಸಿರ್ತಾಳೆ ಅಂದ್ಕೊಂಡೆ. ಆದ್ರೂ ಗುಟ್ಟಿನ ಸಂಖ್ಯೆಯ ಚೀಟಿ ಬಿಚ್ಚಿ, ಗುಣಿಸಿ, ಕೂಡಿಸಿ, ಎರಡೆರಡು ಸಲ ಲೆಕ್ಕ ಹಾಕಿದೆ. ಮುದ್ರೆ ಸರಿ ಇತ್ತು. ಸೈರನ್ ಕೂಗಿಸಿದೆ. ಗೇಟು ತೆಗೆದೆ.

ದೋಣಿ ತಾತ ಮಗುಚಿ ಹಾಕಿದ ದೋಣಿ ಕೆಳಗೆ ನುಸುಳಿಕೊಂಡು ಹಲಗೆ ಬಡೀತಿದ್ದನಂತೆ. ಸುತ್ತಿಗೆ ಸದ್ದಲ್ಲಿ ಸೈರನ್ ಕೇಳಿಸಿಲ್ಲ, ನೀರು ಎಳ್ಕೊಂಡು ಹೋಯ್ತು. ದಿನಾ ಬೆಳಿಗ್ಗೆ ನನ್ನ ಕಿಟಕಿ ಕಡೆ ಸುತ್ತಿಗೆ ಎತ್ತಿ ತೋರಿಸ್ತಿದ್ದ, ಅದೇ ಅವನ ನಮಸ್ಕಾರ. ಮಣ್ಣಿಗೆ ಹೋಗಿದ್ದೆ. ಅವನ ಮಗಳು ನನ್ನ ಮುಖ ನೋಡಿದವಳೇ ಒಳಗೆ ಹೋಗಿ ಬಾಗಿಲು ಹಾಕ್ಕೊಂಡಳು.

ಇವತ್ತು ವಿಚಾರಣೆ ಅಧಿಕಾರಿ ನಿಮ್ಮ ಕಚೇರಿ ಹೇಳಿಕೆ ಓದಿದ್ರು. ‘ನಾವು ಕಳಿಸಿದ ಆದೇಶ ಒಂದು ಗೇಟಿಗೆ ಮಾತ್ರ.’ ಕೆಳಗೆ ನಿನ್ನ ಸಹಿ. ಯಾವನೋ ಟೈಪಿಸ್ಟು ಎಡವಟ್ಟು ಮಾಡಿದಾನೆ, ನೀನು ಓದದೇ ಸಹಿ ಗೀಚಿದೀಯ. ನಿನ್ನ ಚಾಳಿ ನಂಗೊತ್ತಿಲ್ವಾ? ಬೇಗ ಸರಿ ಮಾಡಿಸು ಮಾರಾಯ್ತಿ. ನನ್ನನ್ನ ಕೆಲಸದಿಂದ ನಿಲ್ಲಿಸಿದಾರೆ. ನಾನೇ ನನ್ನಿಷ್ಟಕ್ಕೆ ಮೂರು ತೆಗೆದೆ ಅಂತಾದ್ರೆ ಕೆಲಸ ಹೋಗೋದು ಹಾಗಿರಲಿ, ಜೈಲಾದ್ರೂ ಆಗಬಹುದು ಅಂತಾರೆ. ಗೇಟಿನ ಕೋಣೆಯಲ್ಲಿದ್ದದ್ದೆಲ್ಲ ಗುಡಿಸಿಕೊಂಡು ಹೋದ್ರು, ನನ್ನ ಛತ್ರಿ ಸಮೇತ.

ನಿನ್ನ ಬಾಲ


ಜೂನ್ 18

ಬಾಲ,

ಕಾಗದ ತಲುಪಿತು. ಕಚೇರಿ ನಂಬರಿಗೆ ಇನ್ನು ಫೋನ್ ಮಾಡಬೇಡ.

ಹೇಳಿಕೆಯಲ್ಲಿ ಟೈಪಿಸ್ಟಿನ ತಪ್ಪೇನೂ ಇಲ್ಲ. ನಾನು ಓದಿಯೇ ಸಹಿ ಮಾಡಿದ್ದು.

ಆ ದಿನ ನೀನು ಇನ್ನೂ ಊಟ ಮಾಡಿರಲಿಲ್ಲ ಅಂತ ನೀನೇ ಬರೆದಿದ್ದೀಯ. ಹಸಿದ ಕಣ್ಣಿಗೆ ಒಂದು ಮೂರಾಗಿ ಕಂಡಿರಬಹುದು. ಯಾರಿಗೂ ಆಗಬಹುದಾದದ್ದು. ಕಣ್ತಪ್ಪಾಯಿತು ಅಂತ ಒಪ್ಪಿಕೊಂಡುಬಿಟ್ಟರೆ ಬೇರೆ ಕಡೆ ವರ್ಗ ಮಾಡಿ ಮುಗಿಸುತ್ತಾರಂತೆ, ನಮ್ಮ ಸಾಹೇಬರು ಮಾತು ಕೊಟ್ಟಿದ್ದಾರೆ. ನಿನಗೋಸ್ಕರ ನಾನೇ ಅವರ ಕೋಣೆಗೆ ಹೋಗಿ ನಿಂತು ಕೇಳಿಕೊಂಡೆ. ಹಟ ಮಾಡಬೇಡ. ಇದಕ್ಕಿಂತ ಹೆಚ್ಚಿಗೆ ನನ್ನ ಕೈಲಾಗುವುದಿಲ್ಲ.

ಅಮ್ಮನಿಗೆ ಏನೂ ಹೇಳಬೇಡ. ಸರಿಯಾಗಿ ಊಟ ಮಾಡು.

ಅಕ್ಕ


ಜೂನ್ 22

ಅಕ್ಕ,

ನಿನ್ನ ಕಾಗದ ಓದಿ ನಕ್ಕೆ. ನಿಜವಾಗ್ಲೂ ನಕ್ಕೆ, ಪಕ್ಕದ ಮನೆಯವಳು ಗೋಡೆ ಆಚೆಯಿಂದ ಏನಾಯ್ತು ಅಂತ ಕೇಳುವಷ್ಟು.

ಒಂದು ಮೂರಾಗಿ ಕಂಡಿರಬಹುದಂತೆ! ಬೇರೆ ಯಾರಾದ್ರೂ ಹೇಳಿದ್ರೆ ಪಾಪ ಗೊತ್ತಿಲ್ಲ ಅಂತ ಬಿಡ್ತಿದ್ದೆ. ಒಂದನ್ನ ಮೂರು ಅಂತ ಓದಿಕೊಂಡು ಲೆಕ್ಕ ಹಾಕಿದ್ರೆ ಮುದ್ರೆ ಹೊಂದುತ್ತಾ? ಒಂದು ಅಂಕಿ ಆಚೀಚೆ ಆದ್ರೂ ಉತ್ತರ ಎಲ್ಲೋ ಹೋಗಿ ಬೀಳಲಿ ಅಂತಲೇ ಅಲ್ವಾ ನಾವಿಬ್ರೂ ತಲೆ ಕೆಡಿಸಿಕೊಂಡಿದ್ದು?

ಮರೆತಿದ್ರೆ ಜ್ಞಾಪಿಸ್ತೀನಿ. ಅಮ್ಮನ ಅಡುಗೆಮನೆ ನೆಲ. ನಾನು ಮೊದಲು ಒಂದು ಸೂತ್ರ ಮಾಡಿದ್ದೆ: ಆದೇಶವನ್ನ ಅಂಕಿಗಿಳಿಸು, ಗುಣಿಸು, ಭಾಗಿಸು, ಉಳಿದ ಶೇಷವೇ ಮುದ್ರೆ. ಕೊಂಬು ಬಂದಿತ್ತು ನಂಗೆ. ನೀನು ಈರುಳ್ಳಿ ಹೆಚ್ಚುತ್ತಲೇ ಎರಡು ಆದೇಶ ಹೇಳಿದೆ, ಒಂದು ತೆರೆ, ಇನ್ನೊಂದು ಮುಚ್ಚು. ಎರಡಕ್ಕೂ ಒಂದೇ ಮುದ್ರೆ! "ಸೂತ್ರ ಗೊತ್ತಿರೋ ಕಳ್ಳನಿಗೆ ಆದೇಶ ತಿರುಚೋಕೆ ಇಷ್ಟು ಸಾಕು ಕಣೇ," ಅಂದೆ. ನಾನು ಅತ್ತುಬಿಟ್ಟೆ, ಈರುಳ್ಳಿ ನೆಪದಲ್ಲಿ.

ಆಮೇಲೆ ಪಕ್ಕದಲ್ಲಿ ಕೂತು ಹೇಳಿಕೊಟ್ಟವಳು ನೀನೇ. ಒಂದೇ ಸೂತ್ರಕ್ಕೆ ಜೋತು ಬೀಳಬೇಡ, ಸೂತ್ರಗಳ ದೊಡ್ಡ ಕುಟುಂಬವನ್ನೇ ಇಟ್ಕೋ. ಅದರಲ್ಲಿ ನಮ್ಮದು ಯಾವುದು ಅಂತ ಕಣ್ಮುಚ್ಚಿ ಎತ್ತು. ಕುಟುಂಬ ಎಂಥದು ಅಂತ ಊರಿಗೆಲ್ಲ ಗೊತ್ತಾಗಲಿ, ನಾವು ಎತ್ತಿದ್ದು ಮಾತ್ರ ಗೊತ್ತಾಗಬಾರದು. ಆಗ ಕಳ್ಳ ಯಾವ ಎರಡು ಆದೇಶ ತಂದಿಟ್ಟರೂ ಅವೆರಡೂ ಒಂದೇ ಕಡೆ ಬೀಳೋ ಸಂಭವ ಲಕ್ಷಕ್ಕೊಂದು. ಅವನೆಷ್ಟೇ ಜಾಣನಾಗಿರಲಿ, ನಮ್ಮ ಆಯ್ಕೆ ಮುಂದೆ ಅವನ ಜಾಣತನ ನಡೆಯಲ್ಲ. ನೀನು ಗ್ರಂಥಾಲಯದ ಕಂಪ್ಯೂಟರಿಗೆ ಕೆಲಸ ಮಾಡುವಾಗ ಪುಸ್ತಕದ ಹೆಸರುಗಳನ್ನ ಗೂಡುಗಳಿಗೆ ಹಂಚೋಕೆ ಇದೇ ಉಪಾಯ ಮಾಡಿದ್ದೆ ಅಂದೆ. ಯಾವನೋ ಕಿತಾಪತಿ ಮಾಡಿ ಎಲ್ಲಾ ಹೆಸರೂ ಒಂದೇ ಗೂಡಿಗೆ ತುರುಕಿ ಯಂತ್ರ ಮಂಕಾಗಿಸೋಕೆ ನೋಡಿದ್ನಂತೆ, ಆಗಲಿಲ್ಲವಂತೆ. ಯೂನಿವರ್ಸಲ್ ಹ್ಯಾಶ್ ಅಂತ ಇದರ ಹೆಸರು ಅಂದಾಗ, ಹೆಸರೇನೋ ಭಾರೀ ಇದೆ, ಇರೋದು ಗುಣಾಕಾರ ಭಾಗಾಕಾರ ತಾನೆ ಅಂತ ನಾನು ಗೇಲಿ ಮಾಡಿದ್ದೆ.

ಅದರ ಮೇಲೆ ಚೀಟಿ. ಶೇಷಕ್ಕೆ ಪ್ರತಿ ಸಲ ಒಂದು ಹೊಸ ಸಂಖ್ಯೆ ಕೂಡಿಸಬೇಕು, ಒಮ್ಮೆ ಬಳಸಿದ್ದನ್ನ ಮತ್ತೆ ಮುಟ್ಟಬಾರದು. ಮುಟ್ಟಿದ್ರೆ ಎರಡು ಮುದ್ರೆ ಒಂದರಲ್ಲಿ ಒಂದು ಕಳೆದು ಕಳ್ಳ ನಮ್ಮ ಆಯ್ಕೆಯನ್ನೇ ಹಿಡೀತಾನೆ. ಅದಕ್ಕೇ ಮೆಷಿನ್ನು ತಾನೇ ಅಚ್ಚು ಹಾಕಿ, ಮಡಚಿ, ಅಂಟು ಹಾಕಿ ಕೊಡೋ ಒಂದೇ ಥರದ ಎರಡು ಕಟ್ಟು. ಹರಿಯದೇ ಒಳಗಿನ ಸಂಖ್ಯೆ ಯಾರಿಗೂ ಕಾಣಲ್ಲ. ನಿನ್ನ ಹತ್ತಿರ ಒಂದು, ನನ್ನ ಹತ್ತಿರ ಒಂದು, ಮೂರನೇದಿಲ್ಲ. ಅದನ್ನ ಇಟ್ಕೋ ಅಂತ ಸೊಂಟಕ್ಕೆ ಕಟ್ಟೋ ಚೀಲವನ್ನೂ ನೀನೇ ಹೊಲಿದು ಕೊಟ್ಟೆ, ಹಳೇ ಪರದೆ ಬಟ್ಟೆಯಲ್ಲಿ.

ಅಂದ್ಮೇಲೆ ಸರಿಯಾದ ಮುದ್ರೆ ಹಾಕೋಕೆ ಆಗೋದು ಲೋಕದಲ್ಲಿ ಇಬ್ಬರಿಗೇ. ಮೂರು ಗೇಟಿಗೆ ಮುದ್ರೆ ನಾನು ಹಾಕಿಲ್ಲ. ಉಳಿದೋರು ಯಾರು? ಕಟ್ಟು ಕಳುವಾಗಿತ್ತು ಅಂತಾದ್ರೂ ಹೇಳಬಹುದಿತ್ತು. ಅದನ್ನಿಟ್ಟ ಬೀರು ಬೀಗ ಸರಿಯಾಗಿತ್ತು ಅಂತಲೂ ನೀನೇ ಬರೆದುಕೊಟ್ಟಿದೀಯ.

ಮೊನ್ನೆ ಅಧಿಕಾರಿ ಕೇಳಿದ್ರು. "ಚೀಟಿ ಬಿಚ್ಚಿದ ಮೇಲೆ ನೀವೇ ಯಾವ ಆದೇಶಕ್ಕೆ ಬೇಕಾದ್ರೂ ಸರಿಯಾದ ಮುದ್ರೆ ಬರೆದುಕೊಳ್ಳಬಹುದು ಅಲ್ಲವಾ? ಒಂದು ಗೇಟು ಅಂತ ಬಂದದ್ದನ್ನ ಮೂರು ಮಾಡಿ?"

"ಹೌದು, ಮಾಡಬಹುದು," ಅಂದೆ. ಸುಳ್ಳು ಹೇಳೋಕೆ ಬರಲಿಲ್ಲ. ಅವರು ಪೆನ್ನು ಮುಚ್ಚಿದರು.

ಅಡುಗೆಮನೆಯಲ್ಲಿ ನಾನು ಕೇಳಿರಲಿಲ್ವಾ ಇದನ್ನ? ನಾಳೆ ಯಾರಾದ್ರೂ ಬಂದು ಯಾರು ಕಳಿಸಿದ್ದು ಅಂದ್ರೆ ತೋರಿಸೋಕೆ ಏನೂ ಇರಲ್ವಲ್ಲಕ್ಕ ಅಂತ. ನೀನು ನನ್ನ ಜಡೆ ಎಳೆದು, "ನಮ್ಮಿಬ್ಬರ ಮಧ್ಯೆ ಮೂರನೆಯವರು ಯಾಕೆ ಬರ್ತಾರೆ?" ಅಂದೆ. ಆ ಮಾತಿಗೆ ಎಷ್ಟು ಖುಷಿಪಟ್ಟಿದ್ದೆ ನಾನು! ಈಗ ಆ ತೂತಿನಲ್ಲೇ ನುಸುಳಿ ಹೋಗ್ತಿದೀಯ.

ಕಾರ್ಖಾನೆಯವರು ನೀರು ಬೇಗ ಬಿಡಿಸಿ ಅಂತ ನಿಮ್ಮ ಸಾಹೇಬರ ಬೆನ್ನು ಬಿದ್ದಿದ್ರಂತೆ, ಇಲ್ಲಿ ಎಲ್ಲರ ಬಾಯಲ್ಲೂ ಇದೇ. ಅವರು ಹೇಳಿದ್ದಕ್ಕೆ ನೀನು ತಲೆ ಆಡಿಸಿದೆ, ದಂಡೆಗೆ ಜನ ಕಳಿಸೋಕೆ ಪುರುಸೊತ್ತಿರಲಿಲ್ಲ. ಇಷ್ಟೇ ತಾನೆ? ಭಯ ಆಗಿರುತ್ತೆ, ಒಪ್ತೀನಿ. ಆದ್ರೆ ಆ ಭಯಕ್ಕೆ ತಲೆ ಕೊಡೋಳು ನಾನೇ ಆಗಬೇಕಿತ್ತಾ?

ಬಾಲ


ಜುಲೈ 29

ಅಕ್ಕ,

ಉತ್ತರ ಬರೀಲಿಲ್ಲ ನೀನು. ನೀನು ಇಡೀ ನದಿಗೆ ಮುಖ್ಯಸ್ಥೆ ಆದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಖುಷಿಯಲ್ಲಿದ್ದಳು. ನಾನೂ ಹೌದಾ ಅಂದೆ. ರಜದ ಮೇಲಿದೀನಿ ಅಂತ ಹೇಳಿಕೊಂಡಿದೀನಿ ಅವಳಿಗೆ.

ಜಗಳ ಆಡೋ ಶಕ್ತಿ ಇಲ್ಲ ಇವತ್ತು. ಒಂದು ವಿಷಯ ಕೇಳಬೇಕು.

ನಂಗೆ ನನ್ನ ಮೇಲೇ ಅನುಮಾನ ಶುರುವಾಗಿದೆ. ಪಾತ್ರೆ ತೊಳೀತಾ ಆ ದಿನದ ಲೆಕ್ಕ ಮತ್ತೆ ಹಾಕ್ತೀನಿ. ಒಂದು ಸಲ ಮೂರು ಅಂತಲೇ ನೆನಪು, ಇನ್ನೊಂದು ಸಲ ಹೌದೋ ಅಲ್ವೋ. ಎಲ್ಲರೂ ಒಂದೇ ಗೇಟು ಅಂತಾರೆ. ಅಂಗಡಿಯವನು ಚಿಲ್ಲರೆ ಕೊಟ್ಟರೆ ಮೂರು ಮೂರು ಸಲ ಎಣಿಸ್ತೀನಿ, ಅವನು ಮುಖ ಸಿಂಡರಿಸ್ತಾನೆ. ನಿನ್ನೆ ದೋಣಿ ತಾತನ ಮಗಳು ದಾರಿಯಲ್ಲಿ ನಿಲ್ಲಿಸಿ, "ನಿಜ ಹೇಳಮ್ಮ, ನಿನ್ನ ಕೈತಪ್ಪಾ?" ಅಂತ ಕೇಳಿದಳು. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ ಅಕ್ಕ. ನಂಗೇ ಗೊತ್ತಿಲ್ಲದ ಮೇಲೆ ಏನಂತ ಹೇಳಲಿ?

ವಿಚಾರಣೆಯಲ್ಲಿ ಹೇಳು ಅಂತ ಕೇಳ್ತಿಲ್ಲ. ಕೆಲಸ ಹೋದ್ರೆ ಹೋಗಲಿ. ನಂಗೊಬ್ಬಳಿಗೇ ಹೇಳು. ನಿನ್ನ ಕೈಯಲ್ಲಿ ಒಂದು ಸಾಲು ಬರಿ, ಹೌದು ನಾನೇ ಕಳಿಸಿದ್ದು ಅಂತ. ಓದಿ ಒಲೆಗೆ ಹಾಕ್ತೀನಿ, ಯಾರಿಗೂ ತೋರಿಸಲ್ಲ. ಅಮ್ಮನಾಣೆ. ನನ್ನ ತಲೆ ನೆಟ್ಟಗಿದೆ ಅಂತ ನಂಗೆ ಗೊತ್ತಾದ್ರೆ ಸಾಕು.

ಬಾಲ


ಆಗಸ್ಟ್ 11

‘ಮೂರು ಗೇಟಿನ ಆದೇಶ ಕಳಿಸಿದ್ದು ಮೇಲಿನ ಕಚೇರಿಯೇ. ನಿನ್ನ ಲೆಕ್ಕ ಸರಿ ಇತ್ತು.’

ಮುದ್ರೆ: 60718

ನಿನ್ನ ಸೊಂಟದ ಚೀಲದಲ್ಲಿರುವ ಕಟ್ಟಿನ ಮುಂದಿನ ಚೀಟಿ ಬಿಚ್ಚಿ ನೋಡಿಕೊ. ಮುದ್ರೆ ಮೊದಲ ಎರಡು ವಾಕ್ಯಕ್ಕೆ. ಇದು ನಿನಗೆ ಮಾತ್ರ.


ಆಗಸ್ಟ್ 15

ಅಕ್ಕ,

ಬಂತು. ಟೈಪ್ ಮಾಡಿದ ಒಂದು ತುಂಡು ಕಾಗದ, ಹೆಸರಿಲ್ಲ, ಸಹಿ ಇಲ್ಲ, ಐದು ಅಂಕಿ. ಮೊದಲು ಎರಡು ಸಾಲು ಓದಿ ನೆಲದ ಮೇಲೆ ಕೂತು ಗೋಳೋ ಅಂತ ಅತ್ತೆ. ನನ್ನ ತಲೆ ನೆಟ್ಟಗಿದೆ ಅನ್ನೋ ಸಂತೋಷಕ್ಕೆ.

ಆಮೇಲೆ ಅದನ್ನ ತಿರುಗಿಸಿ ಮುರುಗಿಸಿ ನೋಡಿದೆ. ನೋಡ್ತಾ ನೋಡ್ತಾ ಅಳು ನಿಂತುಹೋಯ್ತು.

ಎಂಥಾ ಬುದ್ಧಿ ಅಕ್ಕ ನಿಂದು! ಕೈಬರಹದಲ್ಲಿ ಬರೆದಿದ್ರೆ ಅದು ಯಾರಿಗೆ ತೋರಿಸಿದ್ರೂ ನಿಂದೇ. ಮುದ್ರೆ ಹಾಕಿ ಕಳಿಸಿದ್ರೆ ನಂಗೊಬ್ಬಳಿಗೇ ಸಾಕ್ಷಿ. ಬೇರೆಯವರಿಗೆ ತೋರಿಸಿದ್ರೆ, ಈ ಮುದ್ರೆ ನೀವೇ ಹಾಕಿಕೊಂಡಿರಬಹುದಲ್ಲಮ್ಮ ಅಂತಾರೆ. ನೂರಕ್ಕೆ ನೂರು ನಿಜ ಹೇಳಿದೆ, ನೂರಕ್ಕೆ ನೂರು ಉಪಯೋಗಕ್ಕೆ ಬಾರದ ಹಾಗೆ ಹೇಳಿದೆ. ನನ್ನ ಆಣೆ ಮೇಲೆ ನಿಂಗೆ ನಂಬಿಕೆ ಇರಲಿಲ್ಲ, ಅದಕ್ಕೇ ಬೇಲಿ ಕಟ್ಟಿದೆ. ಅಮ್ಮನ ಮೇಲೆ ಆಣೆ ಇಟ್ಟಿದ್ದೆ ಕಣೇ!

ಒಂದೇ ಒಂದು ತಪ್ಪು ಮಾಡಿದೆ. ಕಟ್ಟು ನನ್ನ ಹತ್ತಿರ ಇಲ್ಲ.

ಗೇಟಿನ ಕೋಣೆ ಗುಡಿಸಿಕೊಂಡು ಹೋದ ದಿನವೇ ಸೊಂಟದಿಂದ ಚೀಲ ಬಿಚ್ಚಿ ನಾನೇ ಕೊಟ್ಟೆ. ಬಚ್ಚಿಡೋಕೆ ನಂಗೇನಿತ್ತು? ಅಧಿಕಾರಿ ಎಲ್ಲರೆದುರು ಅರಗು ಹಾಕಿ ಮೊಹರು ಒತ್ತಿದ್ರು. ಮುಂದಿನ ಚೀಟಿ ಅದರೊಳಗಿದೆ, ಅಂಟು ಬಿಚ್ಚದೇ, ಮಡಿಕೆ ಮುರಿಯದೇ. ಅದರ ಸಂಖ್ಯೆ ನಾನು ನೋಡೇ ಇಲ್ಲ, ನೋಡೋಕೆ ಆಗೋದೂ ಇಲ್ಲ. ಅದು ಗೊತ್ತಿಲ್ಲದೇ ಈ ಎರಡು ವಾಕ್ಯಕ್ಕೆ ಮುದ್ರೆ ಹಾಕೋಕೆ ನನ್ನ ಕೈಲಿ ಸಾಧ್ಯವೇ ಇಲ್ಲ. ತನ್ನ ಕಟ್ಟಿನಲ್ಲಿ ಅದೇ ಸಂಖ್ಯೆ ಬಿಚ್ಚಿ ನೋಡಿರೋಳು ನೀನೊಬ್ಬಳೇ.

ಇದು ಬಲೆ ಅಂತ ತಿಳೀಬೇಡ. ಆ ಕಾಗದ ಬರೆಯುವಾಗ ಚೀಲದ ನೆನಪೂ ಇರಲಿಲ್ಲ, ನಿನ್ನ ಗುಂಡು ಗುಂಡು ಅಕ್ಷರ ಕಾಯ್ತಾ ಕೂತಿದ್ದೆ. ನನ್ನ ಮಾತು ನಂಬಿ ಕೈಯಲ್ಲಿ ಬರೆದಿದ್ರೆ ಹೇಳಿದ ಹಾಗೇ ಒಲೆಗೆ ಹಾಕಿಬಿಡ್ತಿದ್ದೆ, ಜೈಲಿಗಾದ್ರೂ ಹೋಗ್ತಿದ್ದೆ. ತೋರಿಸೋಕೆ ಆಗದ ಹಾಗೆ ಬರೆದೆಯಲ್ಲ, ಅದಕ್ಕೇ ತೋರಿಸ್ತೀನಿ.

ನಿನ್ನ ತುಂಡು ಕಾಗದ ನಿನ್ನೆಯೇ ಅಧಿಕಾರಿ ಕೈಗೆ ಕೊಟ್ಟಾಯ್ತು. ಲೆಕ್ಕ ಸರಿ ಹೋಗುತ್ತೋ ಇಲ್ವೋ ನಂಗೆ ಗೊತ್ತಿಲ್ಲ. ಸುಮ್ಮನೆ ಐದು ಅಂಕಿ ಗೀಚಿದ್ರೂ ಗೀಚಿರಬಹುದು ನೀನು, ಹಾಗಾದ್ರೆ ನನ್ನ ಕಥೆ ಅಲ್ಲಿಗೆ ಮುಗೀತು. ಇಷ್ಟು ವರ್ಷ ನಿನ್ನ ಒಂದೊಂದು ಮಾತನ್ನೂ ಲೆಕ್ಕ ಹಾಕಿ ನೋಡ್ತಿದ್ದೆ. ಈ ಸಲ ಲೆಕ್ಕ ಇಲ್ಲದೇ ನಂಬಿದೀನಿ.

ಮುಂದಿನ ವಿಚಾರಣೆಗೆ ನಿಂಗೂ ಕರೆ ಬರುತ್ತೆ. ಬಾ.

ನಿನ್ನ ತಂಗಿ


ಅಕ್ಟೋಬರ್ 19

ಅಕ್ಕ,

ಅಮ್ಮನ ಮನೆಗೆ ಬರೀತಿದೀನಿ, ಅಲ್ಲೇ ಇದೀಯಂತೆ. ವಿಚಾರಣೆ ಹಿಂದಿನ ದಿನ ಅಮ್ಮ ಫೋನಿನಲ್ಲಿ ಅತ್ತಿದ್ದು ನಿಂಗೆ ಗೊತ್ತಿರುತ್ತೆ, ನೀನೇ ಹೇಳಿಸಿದ್ಯೋ ಏನೋ. "ಇಬ್ಬರಲ್ಲಿ ಒಬ್ಬಳಾದ್ರೂ ನೆಟ್ಟಗಿರಲಿ ಕಣೇ, ಅವಳ ಕೈ ಬಿಡಬೇಡ," ಅಂದಳು. ಆ ಒಬ್ಬಳು ನಾನ್ಯಾಕೆ ಆಗಬಾರದು ಅಂತ ಕೇಳಿದೆ. ಫೋನ್ ಇಟ್ಟಳು.

ಆ ದಿನ ನಿನ್ನ ಜೊತೆ ಮಾತಾಡೋಕೆ ಆಗಲಿಲ್ಲ. ಅಧಿಕಾರಿ ಮೊಹರು ಒಡೆದು, ಚೀಟಿಯ ಅಂಟು ಎಲ್ಲರಿಗೂ ತೋರಿಸಿ ಹರಿದರು. ಲೆಕ್ಕ ಯಾರು ಮಾಡ್ತೀರಿ ಅಂದಾಗ, ಅಕ್ಕನೇ ಮಾಡಲಿ ಅಂತ ನಾನಂದೆ. ನೀನು ಬೇಡ ಅನ್ನಬಹುದಿತ್ತು, ಬೇಕಂತಲೇ ತಪ್ಪಲೂಬಹುದಿತ್ತು. ಕೂತೆ. ನೀನು ಪೆನ್ಸಿಲ್ ತುದಿ ಕಚ್ಚಿದೆ, ಅಡುಗೆಮನೆಯಲ್ಲಿ ಕಚ್ಚುತ್ತಿದ್ದ ಹಾಗೇ. ಶೇಷಕ್ಕೆ ಚೀಟಿಯ ಸಂಖ್ಯೆ ಕೂಡಿಸಿ 60718 ಅಂತ ಬರೆದು ಅಡಿಗೆರೆ ಎಳೆದೆ. ಗುಮಾಸ್ತರು ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ಹಾಕಿ ನೋಡಿದ್ರು. "ಸರಿ ಇದೆ," ಅಂತ ನೀನೇ ಅಂದೆ. ಆ ಒಂದು ಕ್ಷಣ ನಿನ್ನ ಮೇಲೆ ಹಳೇ ಪ್ರೀತಿ ಉಕ್ಕಿ ಬಂತು, ಸುಳ್ಳೇನು ಹೇಳಲಿ.

ಮೆಟ್ಟಿಲ ಹತ್ತಿರ ನೀನು, "ನಿಂಗೊಬ್ಬಳಿಗೇ ಅಂತ ಬರೆದಿದ್ದೆ ಬಾಲ," ಅಂದೆ. ನಿನ್ನ ಹಿಂದೆ ಬಾಲದ ಹಾಗೆ ಸುತ್ತುತ್ತಿದ್ದೆ ಅಂತ ನೀನಿಟ್ಟ ಆ ಹೆಸರಿನಿಂದ ಇನ್ನು ನನ್ನ ಕರೀಬೇಡ.

ಕೆಲಸಕ್ಕೆ ವಾಪಸ್ ಬಂದಿದೀನಿ. ಛತ್ರಿ ಮಾತ್ರ ಸಿಗಲಿಲ್ಲ. ದೋಣಿ ತಾತನ ಮಗಳು ಒಂದು ಸಂಜೆ ಬಂದು ಗೇಟಿನ ಕೋಣೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಹೊಸ ಚೀಟಿ ಕಟ್ಟು ಬಂದಿದೆ. ನಿನ್ನ ಜಾಗಕ್ಕೆ ಬಂದಿರೋರು ಯಾರೋ, ಮುಖ ನೋಡಿಲ್ಲ. ನಿನ್ನೆ ಅವರ ಮೊದಲ ಆದೇಶ ಬಂತು. ಒಂದು ಗೇಟು, ಅರ್ಧ. ಚೀಟಿ ಬಿಚ್ಚಿ ಲೆಕ್ಕ ಹಾಕಿದೆ, ಮುದ್ರೆ ಸರಿ ಇತ್ತು. ಗೇಟು ಮಾತ್ರ ತೆಗೀಲಿಲ್ಲ. ಕೆಳಗಿಳಿದು ದಂಡೆಗೆ ಹೋದೆ, ಮಗುಚಿದ ದೋಣಿಗಳ ಕೆಳಗೆಲ್ಲ ಬಗ್ಗಿ ನೋಡಿದೆ. ವಾಪಸ್ ಬಂದು ಅವರಿಗೆ ಫೋನ್ ಮಾಡಿದೆ.

"ಆದೇಶ ಕಳಿಸಿದ್ದು ನೀವೇನಾ?"

"ಮುದ್ರೆ ಸರಿ ಬರಲಿಲ್ವಾ ಮೇಡಂ?"

"ಬಂತು."

"ಮತ್ತೆ? ಅದು ಸರಿ ಬಂದ್ರೆ ನಾನೇ ಅಂತ ತಾನೆ ಅರ್ಥ?"

"ಅರ್ಥ ಅದೇ. ಆದ್ರೂ ಬಾಯಿಬಿಟ್ಟು ಹೇಳಿ."

ಅವರು ನಕ್ಕರು. ಹೊಸಬರು, ನನ್ನ ವಿಷಯ ಯಾರೂ ಹೇಳಿರಲಿಕ್ಕಿಲ್ಲ. "ಹೌದು ಮೇಡಂ, ನಾನೇ ಕಳಿಸಿದ್ದು," ಅಂದರು.

ಗೇಟು ತೆಗೆದೆ. ನಿನ್ನ ಹತ್ತಿರ ನಾನು ಕೇಳಿದ್ದೂ ಇಷ್ಟೇ ಅಕ್ಕ.

ತಂಗಿ